ಪ್ಲಮ್ ಅರಳಿದ ಬೆಳಿಗ್ಗೆ

ಸಂತೆಯಿಂದ ಬಂದ ಸ್ತೊಯಾಂಕಾ ಅಜ್ಜಿ ಉಗ್ರಾಣದ ಪೆಟ್ಟಿಗೆ ತೆರೆದವಳೇ ಕುಸಿದು ಕೂತಳು. ತಾಯಿಯ ಮದುವೆಯ ಬೆಳ್ಳಿ ಡಾಬು ಮಾಯವಾಗಿತ್ತು! ಬೆಳಿಗ್ಗೆ ತಾನೇ ಒರೆಸಿಟ್ಟಿದ್ದಳು.

ಪ್ಲೊವ್‌ದಿವ್‌ನ ಹಳೇ ಪೇಟೆಯಲ್ಲಿ ಅಜ್ಜಿಯ ಮನೆಯೇ ಹಾಸ್ಟೆಲ್. ಬೆನ್ನಿಗೆ ಚೀಲ ಹೇರಿಕೊಂಡು ಊರು ಸುತ್ತುವವರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಆ ದಿನ ಇದ್ದವಳು ಒಬ್ಬಳೇ, ಪೋಲೆಂಡಿನ ಯಾಗೋದಾ. ಎರಡೇ ದಿನದ ಮಟ್ಟಿಗೆ ಬಂದವಳು. ಮಧ್ಯಾಹ್ನ ಇಸ್ತಾಂಬುಲ್ ಬಸ್ಸು ಹತ್ತಬೇಕಿತ್ತು. ಅಜ್ಜಿ ಫೋನ್ ಮಾಡಿ ಕರೆಸಿದ ಪೊಲೀಸ್ ಇನ್‌ಸ್ಪೆಕ್ಟರ್ ಹುಡುಕಿದಾಗ ಅವಳ ಚೀಲದ ಹೊರಜೇಬಿನಲ್ಲಿ ಡಾಬು ಸುತ್ತಿದ್ದ ಕೆಂಪು ಮಖಮಲ್ ಬಟ್ಟೆ ಸಿಕ್ಕಿತು.

"ಬಟ್ಟೆ ಇಟ್ಕೊಂಡು ಡಾಬು ಎಸೀತೀನಾ ಮೇಡಂ?" ಯಾಗೋದಾ ಅಳುತ್ತಿದ್ದಳು. "ಚೀಲ ಪಡಸಾಲೆಯಲ್ಲಿಟ್ಟು ಸ್ನಾನಕ್ಕೆ ಹೋಗಿದ್ದೆ, ಅಷ್ಟೇ."

"ಬಿಡಬೇಡಮ್ಮ ಇವಳನ್ನ," ಎಂದಳು ಅಜ್ಜಿ. "ಬಸ್ ಹತ್ತಿದ್ರೆ ಮುಗೀತು."

ಇನ್‌ಸ್ಪೆಕ್ಟರ್ ಸ್ನೆಜಾನಾ ಆ ಬಟ್ಟೆಯನ್ನು ತಿರುಗಿಸಿ ನೋಡಿದಳು. ಅಳುವವರನ್ನು ಕಂಡರೆ ಕರಗುವ ಹೆಂಗಸಲ್ಲ. ಆದರೆ ಅಷ್ಟು ಸುಲಭಕ್ಕೆ ಸಿಕ್ಕ ಸಾಕ್ಷಿಯನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಜ್ಜಿಯ ಕಣ್ಣು ಅವಳ ಮಣಿಕಟ್ಟಿನ ಕೆಂಪು-ಬಿಳಿ ದಾರದ ಮೇಲೆ ಬಿತ್ತು. "ನಿಂಗೂ ಇನ್ನೂ ಮರ ಸಿಕ್ಕಿಲ್ವಾ?"

"ಸ್ಟೇಷನ್ನಲ್ಲಿ ಎಲ್ಲಿ ಹೂ ಬಿಡುತ್ತೆ ಅಜ್ಜಿ?"

ಆ ನಾಡಿನ ಪದ್ಧತಿಯಂತೆ ಮಾರ್ಚ್ ಮೊದಲ ದಿನ ಕಟ್ಟಿಕೊಂಡ ದಾರ ಅದು. ಹೂಬಿಟ್ಟ ಮೊದಲ ಮರ ಕಂಡ ದಿನ ಬಿಚ್ಚಿ ಕೊಂಬೆಗೆ ಕಟ್ಟಬೇಕು, ಮನಸ್ಸಿನಲ್ಲೇ ಏನಾದರೂ ಕೇಳಿಕೊಳ್ಳಬೇಕು. ಯಾಗೋದಾಳಿಗೂ ಅಜ್ಜಿ ಒಂದು ಕಟ್ಟಿದ್ದಳು. ಅಜ್ಜಿಯ ಕೈಯಲ್ಲಿದ್ದುದಕ್ಕೆ ಮಾತ್ರ ಒಂದು ನೀಲಿ ಮಣಿ ಇತ್ತು.

"ಮಣಿ ಮನೆಯವರಿಗೆ," ಎಂದಳು ಅಜ್ಜಿ. "ನಂಗೆ, ನನ್ನ ಜ್ದ್ರಾವ್ಕೋಗೆ."

*

ಜ್ದ್ರಾವ್ಕೋ ಬೈಕಿನಲ್ಲಿ ಧಾವಿಸಿ ಬಂದ. ಅಜ್ಜಿಯ ತಂಗಿಯ ಮಗ. ತಾಯಿ ಸತ್ತ ಮೇಲೆ ಅಜ್ಜಿಯೇ ಸಾಕಿದ್ದಳು.

"ನಿನ್ನೆ ಮಧ್ಯಾಹ್ನಾನೇ ಸೋಫಿಯಾಗೆ ಹೋಗಿದ್ದೆ ಮೇಡಂ. ದೊಡ್ಡಮ್ಮ ಫೋನ್ ಮಾಡಿದ್ಮೇಲೆ ಹೊರಟು ಈಗ ಬರ್ತಿದೀನಿ. ಕಂಡ ಕಂಡವರನ್ನ ಮನೆಗೆ ಸೇರಿಸ್ಬೇಡ ಅಂತ ಎಷ್ಟು ಬಡ್ಕೊಂಡೆ!"

ಸ್ನೆಜಾನಾ ಅವನ ಮಣಿಕಟ್ಟು ನೋಡಿದಳು. ಬರಿದಾಗಿತ್ತು.

"ನಿನ್ನ ದಾರ?"

"ಸೋಫಿಯಾದಲ್ಲಿ ಕಟ್ಟಿದೆ. ಪಾರ್ಕಿನಲ್ಲಿ."

ಸ್ನೆಜಾನಾ ಉಗ್ರಾಣಕ್ಕೆ ಹೋದಳು. ಕಿಟಕಿಯ ಚಿಲಕ ಸಡಿಲವಾಗಿತ್ತು. ದೂಡಿದರೆ ಹಿತ್ತಲು. ನಾಲ್ಕೂ ಕಡೆ ಗೋಡೆ, ನಡುವೆ ಒಂದು ಪ್ಲಮ್ ಮರ. ಮರ ತುಂಬ ಬಿಳಿ ಹೂವು.

"ಅಜ್ಜೀ, ಬನ್ನಿ ಇಲ್ಲಿ!"

ಅಜ್ಜಿ ಕಿಟಕಿಯಲ್ಲಿ ಇಣುಕಿದಳು. "ಅಯ್ಯೋ, ಅರಳೇಬಿಡ್ತಾ? ನಿನ್ನೆ ಕತ್ತಲಾಗೋವರೆಗೂ ಬರೀ ಮೊಗ್ಗು!"

ಕೆಳಕೊಂಬೆಯಲ್ಲಿ ಕೆಂಪು-ಬಿಳಿ ದಾರ ತೂಗುತ್ತಿತ್ತು. ಅದರಲ್ಲಿ ನೀಲಿ ಮಣಿ.

*

"ಈ ಚಿಲಕ ಸಡಿಲ ಅಂತ ಮನೆಯವರಿಗಷ್ಟೇ ಗೊತ್ತು," ಎಂದಳು ಸ್ನೆಜಾನಾ, ಜ್ದ್ರಾವ್ಕೋನತ್ತ ತಿರುಗಿ. "ಗೋಡೆ ಹಾರಿ, ಕಿಟಕೀಲಿ ಒಳಗೆ ಬಂದೆ. ಡಾಬು ತಗೊಂಡೆ, ಬಟ್ಟೇನ ಹುಡುಗಿ ಚೀಲಕ್ಕೆ ತುರುಕಿದೆ. ವಾಪಸ್ ಹೋಗ್ತಾ ಮರ ನೋಡಿದೆ. ಮೊಗ್ಗಿಗೆ ಯಾರೂ ದಾರ ಕಟ್ಟಲ್ಲ ಜ್ದ್ರಾವ್ಕೋ. ಮರ ಅರಳಿದ್ದು ಇವತ್ತು. ಮಣಿ ಇರೋದು ಎರಡೇ ದಾರಕ್ಕೆ, ಒಂದು ದೊಡ್ಡಮ್ಮನ ಕೈಯಲ್ಲೇ ಇದೆ. ಹಾಗಾದ್ರೆ ಇದು ಯಾರದಪ್ಪಾ?"

"ಡಾಬು ಬೈಕಿನ ಡಬ್ಬೀಲಿದೆ," ಎಂದ ಜ್ದ್ರಾವ್ಕೋ. "ಹೊಸ ಬೈಕ್ ತಗೋಬೇಕಿತ್ತು."

ಅಜ್ಜಿ ಅವನ ಮುಂದೆ ಬಂದು ನಿಂತಳು. "ಕದಿಯೋಕೆ ಬಂದೋನು ದಾರ ಕಟ್ಟಿದ್ಯಲ್ಲೋ. ಏನು ಕೇಳ್ಕೊಂಡೆ?"

"ಪ್ರತಿ ವರ್ಷ ಕೇಳೋದೇ. ನೀನು ನೂರು ವರ್ಷ ಬಾಳ್ಬೇಕು ಅಂತ." ಅವನು ತಲೆ ಎತ್ತಲಿಲ್ಲ. "ಕೈ ತಾನಾಗೇ ಹೋಯ್ತು ದೊಡ್ಡಮ್ಮ."

ಅಜ್ಜಿ ಅವನ ತಲೆ ಸವರಿದಳು. ಆದರೂ ಅವನ ತೋಳು ಹಿಡಿದು ಸ್ನೆಜಾನಾಳ ಕಡೆಗೆ ದೂಡಿದಳು. "ಕರ್ಕೊಂಡು ಹೋಗಮ್ಮ."

ಆಮೇಲೆ ಯಾಗೋದಾಳ ಕಣ್ಣೊರೆಸಿದಳು. "ತಪ್ಪಾಯ್ತು ಮಗಳೇ. ಬಸ್ಸಿಗೆ ಇನ್ನೂ ಹೊತ್ತಿದೆ. ಬಾ, ನಿನ್ನ ದಾರಾನೂ ಕಟ್ಟು."

ಇಬ್ಬರೂ ಹಿತ್ತಲಿಗೆ ಇಳಿದರು. ಅಜ್ಜಿ ತನ್ನ ದಾರ ಬಿಚ್ಚಿ ನೀಲಿ ಮಣಿಯ ಪಕ್ಕದಲ್ಲೇ ಕಟ್ಟಿದಳು.