ಹೆಪ್ಪಿನ ಬೆಲ್ಟು

ಎಂಜಿನ್ ಚಾಲೂ ಆದ ನಾಲ್ಕನೆಯ ನಿಮಿಷಕ್ಕೆ ಬೆಲ್ಟು ತನ್ನ ಸಡಿಲನ್ನು ತಾನೇ ಎಳೆದುಕೊಳ್ಳತೊಡಗಿತು. ಹಾಕಿದಾಗ ಅದು ಮೂರು ಗಾಲಿಗಳ ಮೇಲೆ ಮುದುಕನ ಧೋತರದಂತೆ ಜೋತುಬಿದ್ದಿತ್ತು. ನೋಡನೋಡುತ್ತಿದ್ದಂತೆ ಜೋಲು ಕಡಿಮೆಯಾಯಿತು, ಕಿರುಗುಟ್ಟುವುದು ನಿಂತಿತು, ಹತ್ತನೆಯ ನಿಮಿಷಕ್ಕೆ ಆ ಎಂಜಿನ್ನಿಗೆಂದೇ ಹುಟ್ಟಿದ್ದೇನೋ ಎಂಬಂತೆ ಬಿಗಿಯಾಗಿ ತಿರುಗುತ್ತಿತ್ತು.

ಮೋನಪ್ಪ ಕಮ್ಮಾರ ಎಂಜಿನ್ ಆರಿಸಿ, ಬೆಲ್ಟಿನ ನಡುವೆ ಹೆಬ್ಬೆರಳಿಟ್ಟು ಒತ್ತಿದ. ಅರ್ಧ ಇಂಚು ತಗ್ಗಿತು. ಅಷ್ಟೇ ತಗ್ಗಬೇಕು. ಮೂವತ್ತು ವರ್ಷ ಗ್ಯಾರೇಜು ನಡೆಸಿದವನಿಗೆ, ಯಾರೂ ಅಳೆಯದೆ ಸರಿಹೋದ ವಸ್ತುವಿನ ಮೇಲೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಇನ್ನೊಮ್ಮೆ ಒತ್ತಿದ.

"ಹೆಂಗೈತ್ರಿ?" ಎಂದು ಕೇಳಿದರು ಡಾ. ಉಮಾ ನಾಡಿಗೇರ. ಧಾರವಾಡದ ಪ್ರಯೋಗಾಲಯದಿಂದ ಆ ಬೆಲ್ಟನ್ನು ತಂದವರು ಅವರೇ.

"ಐತ್ರಿ," ಎಂದ ಮೋನಪ್ಪ.

ಆ ಕಾಲಕ್ಕೆ ಹೊಸ ವಾಹನಗಳೆಲ್ಲ ವಿದ್ಯುತ್ತಿನಿಂದ ಓಡುತ್ತಿದ್ದವು. ಎಂಜಿನ್ ಕಾರುಗಳಿಗೆ ಬೆಲ್ಟು ಮಾಡುವ ಕಾರ್ಖಾನೆಗಳು ಮುಚ್ಚಿ ಹತ್ತು ವರ್ಷವಾಗಿತ್ತು. ಕಲ್ಗುಂಡಿಯೆಂಬ ಆ ಊರಿನಲ್ಲಿದ್ದುದು ಒಂದೇ ಕಾರು, ಮೋನಪ್ಪನದು. ಚೈತ್ರದಲ್ಲಿ ಅದರ ಏಸಿ ಕಂಪ್ರೆಸರ್ ಬಿಗಿದು ನಿಂತಿತು. ತಿರುಗದ ಗಾಲಿಯ ಮೇಲೆ ಉಜ್ಜಿ ಉಜ್ಜಿ ಬೆಲ್ಟು ಸುಟ್ಟು ಹರಿಯಿತು. ಏಸಿ ಇಲ್ಲದಿದ್ದರೆ ಬೆವರಿಕೊಂಡು ಹೋಗಬಹುದು. ಆದರೆ ಎಂಜಿನ್ನಿಗೆ ನೀರು ತಿರುಗಿಸುವ ಪಂಪನ್ನೂ, ಬ್ಯಾಟರಿ ತುಂಬುವ ಡೈನಮೋವನ್ನೂ ನಡೆಸುತ್ತಿದ್ದುದು ಅದೇ ಬೆಲ್ಟು.

ಮೋನಪ್ಪ ಕಂಪ್ರೆಸರನ್ನೇ ಕಿತ್ತುಹಾಕಲು ನಿಶ್ಚಯಿಸಿದ. ಅದರೊಳಗಿನ ಗ್ಯಾಸು ಯಾವತ್ತೋ ಸೋರಿಹೋಗಿತ್ತು. ಎರಡು ಪೈಪು ಬಿಚ್ಚಿ, ಧೂಳು ಹೋಗದಂತೆ ಅವುಗಳ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ತಂತಿ ಕಟ್ಟಿದ. ಬೋಲ್ಟು ನಾಲ್ಕು. ಮೂರು ಮಾತು ಕೇಳಿದವು. ನಾಲ್ಕನೆಯದಕ್ಕೆ ಒಂದು ಹೊತ್ತು ಸೀಮೆಎಣ್ಣೆ ಕುಡಿಸಬೇಕಾಯಿತು. ಕಲ್ಲಂಗಡಿಯಷ್ಟು ಭಾರದ ಆ ಯಂತ್ರವನ್ನು ಹೊರಗೆಳೆದು ಕಟ್ಟೆಯ ಮೇಲಿಟ್ಟ. ಈಗ ಒಂದು ಗಾಲಿ ಕಡಿಮೆಯಾಯಿತು, ಅಂದ ಮೇಲೆ ಬೆಲ್ಟೂ ಗಿಡ್ಡವಾಗಬೇಕು. ಉಳಿದ ಮೂರು ಗಾಲಿಗಳ ಸುತ್ತ ನೂಲಿನ ಹುರಿ ಸುತ್ತಿ, ಕೂಡಿದಲ್ಲಿ ಗಂಟು ಹಾಕಿದ. ಮೊದಲಿಗಿಂತ ಒಂದು ಗೇಣು ಕಡಿಮೆ ಬಂತು.

ಆ ಹುರಿಯನ್ನು ಜೇಬಿನಲ್ಲಿಟ್ಟುಕೊಂಡು ಕೊಪ್ಪಳ, ಗದಗ, ಹುಬ್ಬಳ್ಳಿ ತಿರುಗಿದ. ಒಳಮೈಗೆ ಉದ್ದಕ್ಕೂ ಆರು ಗೀರಿರುವ ಬೆಲ್ಟು ಬೇಕು, ಉದ್ದ ಇಷ್ಟೇ ಇರಬೇಕು. ಉದ್ದವಾದರೆ ಜಾರುತ್ತದೆ, ಗಿಡ್ಡವಾದರೆ ಬೇರಿಂಗು ತಿನ್ನುತ್ತದೆ. "ಇದನ್ನ ಮ್ಯೂಸಿಯಮ್‌ದಾಗ ಕೇಳ್ರಿ ಯಜಮಾನ್ರ," ಎಂದ ಒಬ್ಬ ಅಂಗಡಿಯವ. ಮೋನಪ್ಪ ಅಲ್ಲಿಗೂ ಹೋಗುವವನೇ. ಏಕೆಂದರೆ ಅವನ ಹೆಂಡತಿ ಸಂಕವ್ವನ ಎರಡೂ ಕಿಡ್ನಿಗಳು ಕೆಲಸ ಬಿಟ್ಟು ವರ್ಷವಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವಳು ಕೊಪ್ಪಳದ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡುವ ಯಂತ್ರದ ಮುಂದಿರಬೇಕು. ಊರಿಗೆ ಬಸ್ಸು ಬರುವುದು ಮಧ್ಯಾಹ್ನಕ್ಕೆ. ಎರಡು ವಾರ ಹಾಲಿನ ಟೆಂಪೋದಲ್ಲಿ ಕ್ಯಾನುಗಳ ನಡುವೆ ಕೂತು ಹೋದಳು. ಆಮೇಲೆ ಟೆಂಪೋದ ದಾರಿ ಬದಲಾಯಿತು. ಅಷ್ಟರಲ್ಲಿ, ಹಳೆಯ ಕಾರುಗಳು ಪರೀಕ್ಷೆಗೆ ಬೇಕಾಗಿವೆ ಎಂಬ ಪ್ರಯೋಗಾಲಯದ ಪ್ರಕಟಣೆ ಅವನ ಕಣ್ಣಿಗೆ ಬಿತ್ತು.

ಡಾ. ಉಮಾ ಅದನ್ನು ಸ್ವಯಂಮಾಪಕ ಪಟ್ಟಿ ಎಂದು ಕರೆಯುತ್ತಿದ್ದರು.

"ಇದರೊಳಗಿನ ರಬ್ಬರ್ ಎಳಿ ಸುರುಳಿ ಸುರುಳಿ ಇರ್ತಾವ," ಎಂದು ವಿವರಿಸಿದರು. "ಸಡಿಲು ಸಿಕ್ರ ಮುದುಡ್ತಾವ, ಎಳದ್ರ ಬಿಚ್ಚಿಕೋತಾವ. ಎರಡು ಮೊಳದಿಂದ ಐದು ಮೊಳದ ತನಕ ಎಷ್ಟು ಬೇಕೋ ಅಷ್ಟಕ್ಕ ನಿಲ್ತಾವ."

"ಇಲ್ಲಿಗೆ ಸಾಕು ಅಂತ ಅದಕ್ಕ ಯಾರು ಹೇಳ್ತಾರ್ರಿ?"

"ನಿಮಗ ಹೊಟ್ಟಿ ತುಂಬಿದ್ದು ಯಾರು ಹೇಳ್ತಾರ?"

"ನಮ್ಮಾಕಿ ಹೇಳ್ತಾಳ್ರಿ."

ಡಾ. ಉಮಾ ನಗಲಿಲ್ಲ. ಅವರ ತಲೆಯಲ್ಲಿ ಬೇರೆ ಚಿಂತೆಯಿತ್ತು. ಪ್ರಯೋಗಾಲಯದಲ್ಲಿ ಈ ಪಟ್ಟಿಗಳು ಅರವತ್ತನೆಯ ದಿನದ ಹೊತ್ತಿಗೆ ಗಡುಸಾಗಿ ಬಿರಿಯುತ್ತಿದ್ದವು. ಕಾರಣ ತಿಳಿದಿರಲಿಲ್ಲ. ರಸ್ತೆಯ ಮೇಲಾದರೂ ಬಾಳೀತೇ ಎಂದು ನೋಡಲು ಹನ್ನೆರಡು ಊರುಗಳಿಗೆ ಒಂದೊಂದು ಕೊಟ್ಟಿದ್ದರು. "ತೊಂಬತ್ತು ದಿನ ಇದನ್ನ ಕಾರಿನಿಂದ ಬಿಚ್ಚಬ್ಯಾಡ್ರಿ. ಬಿಚ್ಚಿದ್ರ ಪರೀಕ್ಷೆ ಕೆಡತದ, ನಾನು ವಾಪಸ್ ಒಯ್ಯಬೇಕಾಗ್ತದ. ನನ್ನ ಕಡೆ ಇನ್ನೊಂದಿಲ್ಲ," ಎಂದು ಹೇಳಿ ಹೋದರು. ಅಂದು ಸೋಮವಾರ. ಮರುದಿನ ಸಂಕವ್ವ ಕಾರಿನಲ್ಲೇ ಕೊಪ್ಪಳಕ್ಕೆ ಹೋಗಿಬಂದಳು.

ಬುಧವಾರ ಬೆಳಿಗ್ಗೆ ಗಿರಣಿಯ ಹಂಪವ್ವ ಬಂದಳು. ಹಿಟ್ಟಿನ ಗಿರಣಿಯ ಬೆಲ್ಟು ಹರಿದಿತ್ತು.

"ಸಂಕಕ್ಕಾ, ನಿಮ್ಮ ಮನ್ಯಾಗ ಯಾವುದಕ್ಕ ಹಾಕಿದ್ರೂ ಕೂಡೋ ಬೆಲ್ಟು ಬಂದೈತಂತಲ್ಲ."

"ಅದು ಕೊಡೂದಲ್ಲ," ಎಂದ ಮೋನಪ್ಪ.

ಸಂಕವ್ವ ಕಂಬಕ್ಕೆ ಒರಗಿದ್ದವಳು ಗಂಡನ ಮುಖ ನೋಡಿದಳು. "ಹೆಪ್ಪು ಕೇಳಾಕ ಬಂದೋರಿಗೆ ಈ ಮನ್ಯಾಗ ಯಾವತ್ತರ ಇಲ್ಲ ಅಂದೀವೇನು?"

"ಇದು ಹೆಪ್ಪಲ್ಲ."

"ಹೋದ ಪಾತ್ರಿಗೆ ಹೊಂದಿಕೊಂತೈತಿ. ಕೆಲಸ ಮಾಡಿ ಮತ್ತ ಉಳಿತೈತಿ. ಹೆಪ್ಪಿಗೆ ಇನ್ನೇನು ಕೋಡು ಇರ್ತಾವ?"

"ನಿನ್ನ ಜೀವ ಅದರ ಮ್ಯಾಲ ಐತಲೇ."

"ಅದು ಶುಕ್ರಾರಕ್ಕ. ಇವತ್ತು ಬುಧವಾರ. ಇವತ್ತು ಊರೆಲ್ಲ ಕಾಳು ತಿಂದು ಮಲಗಬೇಕೇನು?"

ಮೋನಪ್ಪ ಬೋಲ್ಟು ಬಿಚ್ಚುವ ಪಾನಾ ಹುಡುಕಲು ಹೋದ.

ಗಿರಣಿಯ ಗಾಲಿಗಳ ಮೇಲೆ ಬೆಲ್ಟು ಹತ್ತು ನಿಮಿಷದಲ್ಲಿ ಹಿಗ್ಗಿ ಕೂತಿತು. ಗುರುವಾರ ಸಂಜೆ ತಿರುಗಿ ಬಂತು, ಶುಕ್ರವಾರ ಕಾರಿಗೆ ಕುಗ್ಗಿತು. ಸುದ್ದಿ ಹರಡಲು ಅಷ್ಟು ಸಾಕಿತ್ತು. ಖಾರ ಕುಟ್ಟುವ ಯಂತ್ರದವರು ಬಂದರು, ಮೇವು ಕತ್ತರಿಸುವ ಯಂತ್ರದವರು ಬಂದರು. ಮೋನಪ್ಪ ಗ್ಯಾರೇಜಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ವಾರದ ಪಾಳಿ ಬರೆದ. ಮಂಗಳವಾರ, ಶುಕ್ರವಾರಗಳ ಮುಂದೆ ಕಾರು ಎಂದು ಬರೆದು ಸುತ್ತ ಎರಡೆರಡು ಗೆರೆ ಎಳೆದ. ಊರವರು ಆ ಗೆರೆಯನ್ನು ಒಮ್ಮೆಯೂ ದಾಟಲಿಲ್ಲ. ಒಂದು ಸಲ ಮಾತ್ರ ಖಾರ ಕುಟ್ಟಿದ ಬೆಲ್ಟನ್ನು ಒರೆಸದೆ ತಂದುಕೊಟ್ಟರು. ಅಂದು ಗಂಡಹೆಂಡಿರು ಕೊಪ್ಪಳದವರೆಗೂ ಸೀನುತ್ತ ಹೋದರು. ಕಣ್ಣು ಕೆಂಪಗಾಗಿದ್ದ ಸಂಕವ್ವನಿಗೆ ಆಸ್ಪತ್ರೆಯ ನರ್ಸು, "ಅಳಬ್ಯಾಡ್ರಿ ಅಮ್ಮ, ಎಲ್ಲಾ ಸರಿ ಹೋಗ್ತೈತಿ," ಎಂದು ಸಮಾಧಾನ ಹೇಳಿದಳು.

ತೊಂಬತ್ತನೆಯ ದಿನಕ್ಕೆ ಮುಂಚಿನ ಬುಧವಾರ ಡಾ. ಉಮಾ ಹೇಳದೆ ಬಂದರು. ಬಾನೆಟ್ಟು ತಾವೇ ಎತ್ತಿದರು. ಮೂರು ಗಾಲಿಗಳು ಬರಿಮೈಯಲ್ಲಿದ್ದವು.

"ಹರೀತೇನು?"

"ಇಲ್ರಿ," ಎಂದ ಮೋನಪ್ಪ. ಸುಳ್ಳು ಹೇಳಲು ಒಂದು ಕ್ಷಣ ಸಿಕ್ಕಿತ್ತು, ಅದು ಕಳೆದುಹೋಯಿತು. "ಬೀಸಾಕ ಹೋಗೈತ್ರಿ."

ಗಿರಣಿಯಲ್ಲಿ ಬೆಲ್ಟು ಹಿಟ್ಟು ಮೆತ್ತಿಕೊಂಡು ತಿರುಗುತ್ತಿತ್ತು. ಡಬ್ಬಿ ಹಿಡಿದ ಹೆಂಗಸರು ಸರಿದು ನಿಂತರು. ಡಾ. ಉಮಾ ಯಂತ್ರ ನಿಲ್ಲಿಸಿ, ಬೆಲ್ಟು ಬಿಚ್ಚಿಸಿದರು. "ಯಾರು ಕೊಟ್ಟೋರು?"

"ನಾನ್ರಿ," ಎಂದಳು ಹಿಂದೆ ನಿಧಾನವಾಗಿ ನಡೆದು ಬಂದಿದ್ದ ಸಂಕವ್ವ. "ಬೈಯೂದಿದ್ರ ನನಗ ಬೈರಿ. ಒಯ್ಯೂದಿದ್ರ ಶುಕ್ರಾರ ದಾಟಿಸಿ ಒಯ್ರಿ."

ಡಾ. ಉಮಾ ಬೆಲ್ಟನ್ನು ಒರೆಸಿ, ಹಿಂದಕ್ಕೆ ಬಗ್ಗಿಸಿ, ಭೂತಗನ್ನಡಿಯಿಂದ ಗೀರು ಗೀರನ್ನೂ ನೋಡಿದರು. ನೋಡಿ ಮುಗಿದ ಮೇಲೆ ಮತ್ತೆ ಮೊದಲಿಂದ ನೋಡಿದರು. ಆಮೇಲೆ ಜೋಳದ ಚೀಲದ ಮೇಲೆ ಕೂತುಬಿಟ್ಟರು.

"ಹನ್ನೊಂದು ಊರಾಗ ನಾ ಹೇಳಿದಂಗ ಕೇಳಿದ್ರು. ಹನ್ನೊಂದೂ ಬಿರದಾವ. ಇದು ಮೊನ್ನೆ ಮಾಡಿದ್ದರಂಗ ಐತಿ."

"ಯಾಕ್ರಿ?" ಎಂದ ಮೋನಪ್ಪ.

"ಒಂದ ಅಳತಿಯೊಳಗ ಬಾಳ ದಿನ ಇದ್ರ ಎಳಿಗಳಿಗೆ ಹಿಗ್ಗೂದು ಕುಗ್ಗೂದು ಮರೀತದ, ಕಾಣಸ್ತದ. ಅಲ್ಲೇ ಗಡುಸಾಗ್ತಾವ. ಇದಕ್ಕ ಮರಿಯಾಕ ನೀವು ಬಿಟ್ಟಿಲ್ಲ."

"ಹೆಪ್ಪೂ ಅಷ್ಟ ಅಲ್ರಿ," ಎಂದಳು ಸಂಕವ್ವ. "ಒಂದ ಮನ್ಯಾಗ ಇಟ್ಕೊಂಡು ಕುಂತ್ರ ಹುಳಿ ಬರ್ತೈತಿ. ಊರು ತಿರಗಬೇಕು."

ಡಾ. ಉಮಾ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ಬೆಲ್ಟನ್ನು ಗಿರಣಿಗೆ ತಾವೇ ಏರಿಸಿದರು.

ಮರುವರ್ಷ ಸ್ವಯಂಮಾಪಕ ಪಟ್ಟಿ ಪೇಟೆಗೆ ಬಂತು. ಪೊಟ್ಟಣದ ಮೇಲೆ, "ವಾರಕ್ಕೆ ಎರಡು ಬಾರಿಯಾದರೂ ಅನ್ಯರ ಯಂತ್ರಕ್ಕೆ ಕೊಡತಕ್ಕದ್ದು" ಎಂದು ಅಚ್ಚಾಗಿತ್ತು. ತಯಾರಕರು ಕಾರಿಗೊಂದು ಮಾರಲು ಯೋಚಿಸಿದ್ದರು. ಹಳ್ಳಿಗಳು ಊರಿಗೊಂದು ಕೊಂಡವು. ಪಟ್ಟಣದವರು ಮಾತ್ರ ಒಬ್ಬೊಬ್ಬರು ಒಂದೊಂದು ಕೊಂಡರು. ಅರವತ್ತನೆಯ ದಿನಕ್ಕೆ ಅವರ ದೂರುಗಳು ಬರತೊಡಗಿದವು.

ಒಂದು ಭಾನುವಾರ ಬೆಳಿಗ್ಗೆ ಮೋನಪ್ಪನ ಗ್ಯಾರೇಜಿನ ಮುಂದೆ ಹುಬ್ಬಳ್ಳಿಯ ಕಾರೊಂದು ನಿಂತಿತು. ಇಸ್ತ್ರಿ ಅಂಗಿಯ ಒಬ್ಬರು ಇಳಿದು, ತಾವಾಗಿ ಬಾನೆಟ್ಟು ಎತ್ತಿದರು.

"ನನ್ನ ಬೆಲ್ಟಿಗೆ ಸ್ವಲ್ಪ ಕೆಲಸ ಕೊಡ್ತೀರೇನ್ರಿ?"

"ನಿಮ್ಮ ಕಡೆ ಮಂದಿ ಇಲ್ಲೇನ್ರಿ?"

"ಅಪಾರ್ಟ್‌ಮೆಂಟಿನಾಗ ತೊಂಬತ್ತಾರು ಮನಿ ಅದಾವ. ಯಾರ ಪರಿಚಯನೂ ಇಲ್ಲ. ಹೆಂಗ ಹೋಗಿ ಕೊಡೂದು?"

ಮೋನಪ್ಪ ಬಾಗಿಲ ಮೇಲಿನ ಪಾಳಿ ನೋಡಿದ. "ಖಾರ ಕುಟ್ಟೂದು ಖಾಲಿ ಐತ್ರಿ. ಸಂಜೀತನಕ ಆಗ್ತೈತಿ."

"ಅಲ್ಲೀತನಕ ನಾನು?"

"ಬೆಲ್ಟಿಲ್ಲದ ಕಾರಿನಾಗ ಎಲ್ಲಿ ಹೋಗ್ತೀರಿ? ಕುಂದರ್ರಿ."

ಅವರು ಕಟ್ಟೆಯ ಮೇಲೆ, ಕಿತ್ತ ಕಂಪ್ರೆಸರಿನ ಪಕ್ಕದಲ್ಲಿ ಕೂತರು. ಮಧ್ಯಾಹ್ನ ರೊಟ್ಟಿ ಉಂಡರು. ಸಂಜೆಯ ಹೊತ್ತಿಗೆ ಆ ಓಣಿಯ ಏಳು ಮನೆಯವರ ಹೆಸರು ಅವರಿಗೆ ಗೊತ್ತಾಗಿತ್ತು. ಹೊರಡುವಾಗ ಸಂಕವ್ವ ಒಂದು ಸಣ್ಣ ಡಬ್ಬಿ ಕೈಗಿಟ್ಟಳು.

"ಹೆಪ್ಪು ಐತಿ, ಒಯ್ರಿ. ಬಾಜೂ ಮನಿಯವ್ರು ಕೇಳಿದ್ರ ಕೊಡ್ರಿ."

"ಕೇಳದಿದ್ರ?"

"ಚೆಲ್ಲಿಬಿಡ್ರಿ," ಎಂದಳು ಸಂಕವ್ವ. "ಖಾಲಿ ಡಬ್ಬಿ ಹಿಡಕೊಂಡು ನೀವ ಹೋಗಿ ಕೇಳ್ರಿ."