ಕತ್ತಲೆ ಸುಮನಾ

"ನಿನ್ನ ಕೈಯಿಂದಾನೇ ಬಿಚ್ಚು. ಎಲ್ಲಿ ತಪ್ಪು ಮಾಡಿದ್ದೆ ಅಂತ ನಿನ್ನ ಬಾಯಿಂದಾನೇ ಹೇಳು. ಆಮೇಲೆ ಇದನ್ನ ಗುಜರಿಗೆ ಹಾಕ್ತೀನಿ."

ಹಗ್ಗ ಕಟ್ಟಿ ಎಳೆದು ತಂದ ಹಳೆಯ ಕಾರಿನ ಪಕ್ಕ ನಿಂತು ಅಶ್ವಿನ್ ಹೇಳಿದ. ಸಾಗರದ ಪೇಟೆಯಲ್ಲಿದ್ದ ಸುಮನಾಳ ಆ ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಅವನು ಕಾಲಿಡದೆ ಒಂದು ವರ್ಷವಾಗಿತ್ತು.

ಅವಳ ಎದೆ ಹೊಡೆದುಕೊಂಡಿತು. ಛೇ... ಇವನನ್ನು ಕಂಡರೆ ಇನ್ನೂ ಹೀಗಾಗುತ್ತಲ್ಲ!

ಅವರಿಬ್ಬರ ಮದುವೆ ನಿಶ್ಚಯವಾಗಿತ್ತು. ಅಶ್ವಿನ್ ಮತ್ತು ಅವನ ತಂದೆ ವಾಸಪ್ಪ ಕರೆಯೋಲೆ ಹಂಚಲು ಹೊರಡುವ ಮೊದಲು ಈ ಕಾರಿನ ಹೆಡ್‌ಲೈಟ್ ರಿಪೇರಿ ಮಾಡಿಕೊಟ್ಟವಳು ಅವಳೇ. ನಾಲ್ಕನೇ ದಿನ, ತೀರ್ಥಹಳ್ಳಿಯಿಂದ ವಾಪಸು ಬರುವಾಗ, ಹೊಸನಗರ ದಾಟಿದ ಮೇಲೆ ಒಂದು ತಿರುವಿನಲ್ಲಿ ಎರಡೂ ದೀಪ ಒಟ್ಟಿಗೇ ಆರಿದವು. ಕಾರು ಚರಂಡಿಗೆ ಬಿತ್ತು. ವಾಸಪ್ಪನವರ ಎಡಗಾಲು ಹೋಯಿತು.

ಅಶ್ವಿನ್ ಮದುವೆ ಮುರಿದ. ಅಷ್ಟಕ್ಕೇ ಬಿಡಲಿಲ್ಲ. ಒಂದೊಂದು ಗ್ಯಾರೇಜಿಗೂ ಹೋಗಿ, ಅವಳ ಕೈಗೆ ಗಾಡಿ ಕೊಡಬೇಡಿ ಎಂದು ಹೇಳಿ ಬಂದ. ಊರು ಅವಳಿಗೆ ಹೊಸ ಹೆಸರನ್ನೂ ಇಟ್ಟಿತು. ಕತ್ತಲೆ ಸುಮನಾ.

ಅವಳಿಗೆ ಕೆಲಸ ಕಲಿಸಿದ ಅಪ್ಪ ಜಟ್ಟಪ್ಪ ಆಸ್ಪತ್ರೆಯಲ್ಲಿ ಸಾಯುವ ಮೊದಲು ಕೊನೆಯದಾಗಿ ಕೇಳಿದ್ದೂ ಆ ದೀಪದ ವಿಷಯವನ್ನೇ.

"ಅರ್ತ್ ವೈರು ಗಟ್ಟಿ ಕೂರ್ಸಿದ್ಯಾ ಮಗಾ?"

ಅದು ಸಡಿಲವಿದ್ದರೆ ಎರಡೂ ದೀಪ ಒಟ್ಟಿಗೇ ಆರುತ್ತವೆ. ಕೂರಿಸಿದ್ದೆ ಅಂದಳು. ಅಪ್ಪ ಮುಖ ಆಚೆ ತಿರುಗಿಸಿದ. ಆಮೇಲೆ ಅವಳಿಗೂ ಅನುಮಾನ ಹತ್ತಿತು. ಕೂರಿಸಿದ್ದೆನಾ...?

"ನೋಡೇ ಹುಡುಗಿ," ಕಾರೊಳಗೆ ಕೂತಿದ್ದ ವಾಸಪ್ಪ ಅಂದರು. "ಅವತ್ತಿಂದ ಇದನ್ನ ಯಾರೂ ಮುಟ್ಟಿಲ್ಲ. ನನ್ನ ಕಾಲು ಯಾತಕ್ಕೆ ಹೋಯ್ತು ಅಂತ ನಂಗೂ ಗೊತ್ತಾಗ್ಲಿ."

ಸುಮನಾ ಬೇರೆ ಬ್ಯಾಟರಿ ಜೋಡಿಸಿ ಬಾನೆಟ್ಟಿನೊಳಗೆ ಬಗ್ಗಿದಳು. ಮೊದಲು ಅರ್ತ್. ಬೋಲ್ಟ್ ಹಿಡಿದು ಅಲ್ಲಾಡಿಸಿದಳು. ಅಲ್ಲಾಡಲಿಲ್ಲ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಆ ವೈರಿಗೆ ಹಿಡಿದಳು.

ಲ್ಯಾಂಪು ಚೆನ್ನಾಗಿ ಹೊತ್ತಿಕೊಂಡಿತು.

ಅಪ್ಪಾ... ಗಟ್ಟಿಯಾಗೇ ಇದೆ ಅಪ್ಪಾ.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ವೈರು ಹಿಡಿದು ಮುಂದೆ ಹೋದಳು. ಎರಡೂ ದೀಪಕ್ಕೆ ಕರೆಂಟ್ ಹಾಯುವ ವೈರುಗಳನ್ನು ಕೂಡಿಸುವ ಪ್ಲಾಸ್ಟಿಕ್ ಕಪ್ಲರ್ ಕರಗಿ ಕಪ್ಪು ಮುದ್ದೆಯಾಗಿತ್ತು. ಅವಳು ಬಲಗಡೆಯ ಬಲ್ಬನ್ನು ಹೊರಗೆ ಎಳೆದು ಅಂಚಿನ ಅಂಕಿ ಓದಿದಳು.

"ನಾನು ಹಾಕಿದ್ದು ಅರವತ್ತು ವ್ಯಾಟಿಂದು. ಇದು ನೂರು."

"ಮಂಜು ಜಾಸ್ತಿ ಅಂತ ತೀರ್ಥಹಳ್ಳೀಲಿ ನಾನೇ ಹಾಕ್ಸಿದ್ದು," ಅಶ್ವಿನ್ ಅಂದ. "ಬೆಳಕು ಜಾಸ್ತಿ ಬಂದ್ರೆ ತಪ್ಪಾ?"

"ಫ್ಯೂಸ್ ಹೋಗ್ಲಿಲ್ವಾ?"

ಅವನು ಬಾನೆಟ್ಟಿನಿಂದ ಹಿಂದೆ ಸರಿದ. ಕಾರೊಳಗಿಂದ ವಾಸಪ್ಪ ಹೇಳಿದರು.

"ಎರಡು ಸಲ ಹೋಯ್ತು. ಎರಡ್ನೇ ಸಲ ಇವನೇ ನನ್ನ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ತುರುಕ್ದ. ದೀಪ ಹತ್ಕೊಳ್ತು. ಭಾರೀ ಬುದ್ಧಿವಂತ ಅಂದಿದ್ದೆ ನಾನು..."

ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು.

ಸುಮನಾ ಆ ಫ್ಯೂಸನ್ನು ಕಿತ್ತು ಅಶ್ವಿನ್‌ನ ಅಂಗೈಯಲ್ಲಿ ಇಟ್ಟಳು.

"ಕರೆಂಟ್ ಮೀರಿದ್ರೆ ಮೊದ್ಲು ತಾನು ಸುಟ್ಟು ಹೋಗೋಕೇ ಫ್ಯೂಸ್ ಇರೋದು. ಅದು ಸುಡದ ಹಾಗೆ ಮಾಡಿದ್ರಿ. ವೈರು ಸುಟ್ಟೋಯ್ತು, ಎರಡೂ ದೀಪ ಆರ್ತು. ನಿಮ್ಮಪ್ಪನ ಕಾಲು ತೆಗ್ದಿದ್ದು ನಾನಲ್ಲ, ಅಶ್ವಿನ್. ನೀವು."

ಮೆತ್ತಗೆ ಹೇಳಬಹುದಿತ್ತು. ತಂದೆ ಎದುರಿಗೆ ಇಲ್ಲದಾಗ ಹೇಳಬಹುದಿತ್ತು. ಆದರೆ ವರ್ಷವಿಡೀ ಪೆಟ್ಟು ತಿಂದವರಿಗೆ, ಕೋಲು ಕೈಗೆ ಬಂದ ದಿನ ತಡೆದುಕೊಳ್ಳುವುದು ಕಷ್ಟ.

ಅಶ್ವಿನ್ ಫ್ಯೂಸಿಗೆ ಸುತ್ತಿದ್ದ ಕಾಗದವನ್ನು ಉಗುರಿನಿಂದ ಬಿಚ್ಚಿ ನೋಡಿದ.

"ಸುಮ್ನೀ... ಕ್ಷಮ್ಸು."

"ನಂಗೆ ಬೇಡ. ಒಂದೊಂದು ಗ್ಯಾರೇಜಿಗೂ ಹೋಗಿ ಹೇಳಿದ್ರಲ್ಲ? ಈಗ್ಲೂ ಹೋಗಿ. ಹಾಗೇ ಬಾಗಿಲಲ್ಲಿ ನಿಂತು ಹೇಳಿ."

"ಹೇಳ್ತೀನಿ. ನಿಮ್ಮಪ್ಪಂಗೆ... ಹೇಗೆ ಹೇಳ್ಲಿ?"

"ಅದೊಂದು ನಿಮ್ ಕೈಲಾಗಲ್ಲ. ಅದನ್ನ ಹಾಗೇ ಇಟ್ಕೊಳ್ಳಿ."

ಅವನು ಹೊರಟು ಹೋದ. ವಾಸಪ್ಪನವರಿಗೆ ಅವಳು ಟೀ ತರಿಸಿಕೊಟ್ಟಳು. ಅವರು ಕುಡಿಯಲಿಲ್ಲ.

"ಆ ಕಾಗದದ ವಿಷ್ಯ ನಂಗೆ ಹೊಳೀಲೇ ಇಲ್ಲ ಕಣವ್ವಾ."

"ಹೊಳೀಬೇಕಿತ್ತು," ಅಂದಳು.

ಅಶ್ವಿನ್ ಮರಳಿದಾಗ ಮಧ್ಯಾಹ್ನ ಮೂರು ಗಂಟೆ. ಮುಖ ಸುಣ್ಣದಂತೆ ಬಿಳಿಚಿತ್ತು.

"ಹನ್ನೊಂದು ಕಡೆ ಹೇಳ್ದೆ."

"ಏನಂದ್ರು?"

"ಕೆಲವ್ರು ನಕ್ಕರು. ಒಬ್ರು ಮುಖಕ್ಕೆ ಉಗಿದ್ರು."

"ಒಬ್ರೇನಾ?"

ಅವನು ತಲೆ ತಗ್ಗಿಸಿದ. "ನಿನ್ನ ಬಿಟ್ಟ ಮೇಲೆ ಒಂದು ದಿನಾನೂ ನೆಟ್ಟಗೆ ನಿದ್ದೆ ಬಂದಿಲ್ಲ. ಈಗ್ಲೂ ಪ್ರೀತಿ ಇದೆ ಅಂತ ಹೇಳೋಕೆ ನಂಗೆ ಮುಖ ಇಲ್ಲ, ಸುಮ್ನಿ."

ಸುಮನಾ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಾ ನಿಂತಳು. ಒರೆಸಲು ಅಲ್ಲಿ ಏನೂ ಉಳಿದಿರಲಿಲ್ಲ.

"ನಂಗೂ ಪ್ರೀತಿ ಹೋಗಿಲ್ಲ... ಹೋಗಿದ್ರೆ ಸುಖವಾಗಿರ್ತಿದ್ದೆ."

"ನಾಳೆ ಬರ್ಲಾ?"

"ಬನ್ನಿ. ನಾಡಿದ್ದೂ ಬನ್ನಿ. ನಾನು ಮಾತಾಡಲ್ಲ."

"ಎಷ್ಟು ದಿನ?"

"ಒಂದು ವರ್ಷ ನಾನು ಇಲ್ಲಿ ಒಬ್ಳೇ ಕೂತಿದ್ದೆ."

ಅವಳು ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿದಳು.

"ಕೂತ್ಕೊಳ್ಳಿ."