ಬೆಳ್ಳಕ್ಕಿ ದೋಣಿಗೆ ಬಿದ್ದ ಬೆಂಕಿ

"ನನ್ನ ತಮ್ಮನ ಹೆಸರು ಕೆಟ್ಟೋಯ್ತಾ ಅದೆ ಕನವ್ವಾ. ನೀವೇ ಬಂದು ನೋಡ್ಬೇಕು."

ಮಲ್ಲಿಗಮ್ಮ ಕುರ್ಚಿಯಲ್ಲಿ ಕೂರಲೂ ಒಪ್ಪದೆ ಬಾಗಿಲ ಬಳಿಯೇ ನಿಂತು ಹೇಳಿದಳು. ಚಾಮರಾಜನಗರದ ಆ ಪುಟ್ಟ ಕಚೇರಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸರ್ವೇಯರ್ ಶಿವಲಕ್ಷ್ಮಿ ಕೂಡಲೇ ಉತ್ತರ ಕೊಡುವವರಲ್ಲ. ಸುಟ್ಟ ಲಾರಿ, ಮುಳುಗಿದ ಪಂಪು, ಕಳುವಾದ ಟ್ರ್ಯಾಕ್ಟರ್, ಯಾವುದೇ ಇರಲಿ, ಅದು ಹೇಗಾಯಿತೆಂದು ಪತ್ತೆ ಹಚ್ಚಿ ವಿಮೆ ಕಂಪನಿಗೆ ತಿಳಿಸುವುದು ಅವರ ಕಸುಬು. ಎದುರಿನವರ ಮಾತು ಮುಗಿದ ಮೇಲೂ ಅವರು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆ ಮೌನ ತಡೆಯಲಾರದೆ ಜನ ಬಚ್ಚಿಟ್ಟದ್ದನ್ನೂ ಬಾಯಿಬಿಡುವುದನ್ನು ಸಹಾಯಕಿ ಭವ್ಯ ಎಷ್ಟೋ ಸಲ ನೋಡಿದ್ದಳು.

ಮಲ್ಲಿಗಮ್ಮನೂ ಬಾಯಿಬಿಟ್ಟಳು. "ವೈರು ಸರಿಯಾಗಿ ಹಾಕಿಲ್ಲ, ಅದ್ಕೇ ಹತ್ಕೊಂಡದೆ ಅಂತ ಊರೆಲ್ಲ ಗುಲ್ಲು. ಫಿಟ್ಟಿಂಗೇ ಕೆಟ್ಟದು ಅಂದ್ರೆ ವಿಮೇನೂ ಬರಕಿಲ್ಲ, ರಾಜಣ್ಣನ ಅಂಗಡಿಗೆ ಯಾರೂ ಕಾಲಿಕ್ಕಕಿಲ್ಲ."

ಪುಣಜನೂರು ರಸ್ತೆಯಲ್ಲಿ ಸಿಗುವ ಹಿನ್ನೀರಿನ ಆಚೆ ದಡದ ಹೊಲಗಳಿಗೆ ಜನರನ್ನು ದಾಟಿಸುತ್ತಿದ್ದ ದೋಣಿ ಅವಳದು. ಹೆಸರು ಬೆಳ್ಳಕ್ಕಿ. ಡೀಸೆಲ್ ಇಲ್ಲ, ಹೊಗೆ ಇಲ್ಲ. ಲಿಥಿಯಂ ಬ್ಯಾಟರಿಯ ಬಲದಲ್ಲಿ ನೀರಿಗೂ ತಿಳಿಯದ ಹಾಗೆ ಸಾಗುತ್ತಿತ್ತು. ಬ್ಯಾಟರಿ, ಮೋಟಾರು ಜೋಡಿಸಿದವನು ಗುಂಡ್ಲುಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ತಮ್ಮ ರಾಜಣ್ಣ. ವಿಮೆಗೆ ಮುಂಚೆ ಅದನ್ನು ಪರೀಕ್ಷಿಸಿ ಸರಿಯಿದೆ ಎಂದವರು ಶಿವಲಕ್ಷ್ಮಿಯೇ. ಹಿಂದಿನ ದಿನ ಮಧ್ಯಾಹ್ನ, ದಡದಲ್ಲಿ ಚಾರ್ಜಿಗೆ ಹಾಕಿದ್ದಾಗ, ಬ್ಯಾಟರಿ ಪೆಟ್ಟಿಗೆ ಸಿಡಿದು ಹೊತ್ತಿಕೊಂಡಿತ್ತು.

"ನಡಿ ಭವ್ಯ," ಎಂದರು ಶಿವಲಕ್ಷ್ಮಿ. "ರಾಜಣ್ಣ ತಪ್ಪು ಮಾಡಿದ್ದರೆ ನಾನೂ ಮಾಡಿದ್ದೀನಿ ಅಂತಲೇ ಲೆಕ್ಕ."

ಹಿನ್ನೀರಿನ ದಡದಲ್ಲಿದ್ದ ದೋಣಿಯ ಹಿಂಭಾಗ ಕರಕಲಾಗಿತ್ತು. ಪಕ್ಕದಲ್ಲಿ ಕೂತಿದ್ದ ರಾಜಣ್ಣ ಎದ್ದು ನಿಂತನಷ್ಟೆ. ಮಾತಾಡಿದವನು ಮಹದೇವಪ್ರಸಾದ್. ಅದೇ ಹಿನ್ನೀರಿನಲ್ಲಿ ಡೀಸೆಲ್ ಎಂಜಿನ್ನಿನ ಫೈಬರ್ ದೋಣಿ ಓಡಿಸುತ್ತಿದ್ದ ಅವನಿಗೆ, ಬೆಳ್ಳಕ್ಕಿ ಬಂದ ಮೇಲೆ ಜನ ಕಡಿಮೆಯಾಗಿದ್ದರು.

"ನಾನು ಅವತ್ತೇ ಯೋಳ್ದೆ. ಮೊಬೈಲ್ ರಿಪೇರಿ ಮಾಡೋನು ದೋಣಿ ಮುಟ್ಟಬಾರ್ದು ಅಂತ."

"ನಿನ್ನ ಎಂಜಿನ್ನು ಕೆಮ್ಮಾಗ ಯಾರ್‍ಲಾ ಬಂದು ಸರಿ ಮಾಡ್ದೋನು?" ಎಂದಳು ಮಲ್ಲಿಗಮ್ಮ.

"ಅದು ಕೆಮ್ತದೆ ಅಕ್ಕ, ಸಿಡಿಯಾಕಿಲ್ಲ."

ಸ್ವಲ್ಪ ದೂರದಲ್ಲಿ ಮುದುಕ ಚಿಕ್ಕಬಸವಯ್ಯ ಒಂದು ತೆಪ್ಪವನ್ನು ಬೋರಲು ಹಾಕಿ ಟಾರು ಬಳಿಯುತ್ತಿದ್ದ. ಬೆಳ್ಳಕ್ಕಿಯ ಮರದ ಒಡಲನ್ನು ಕಟ್ಟಿದ್ದೂ ಅವನೇ. ಕರೆದದ್ದೇ ತಡ, ಬಂದು ಹಲಗೆ ಹಲಗೆಯನ್ನೂ ತಟ್ಟಿ ತೋರಿಸಿದ. "ಇದು ಹೊನ್ನೆ ಮರ ಕನವ್ವಾ. ಈ ಕೂಡು ನೋಡಿ, ಕೂದ್ಲೂ ತೂರಾಕಿಲ್ಲ. ಸುಟ್ಟೋದ ಮೇಲೂ ತೇಲ್ತದೆ, ಬೇಕಾರೆ ನೀರಿಗೆ ಬುಡಿ!"

ಶಿವಲಕ್ಷ್ಮಿಯ ಕೈ ಹಿಂದಿನ ಸೀಟಿನ ಕೆಳಗಿನ ತಗಡಿನ ಬ್ಯಾಟರಿ ಪೆಟ್ಟಿಗೆಯ ಮೇಲೆ ಬಂತು. ಅಜ್ಜನ ಮಾತು ಅಲ್ಲಿಗೆ ನಿಂತಿತು. ಬಗ್ಗಿ ಬ್ರಷ್ಷಿನ ಕೂದಲನ್ನು ಬಿಡಿಸತೊಡಗಿದ.

ಪೆಟ್ಟಿಗೆಯ ಪಕ್ಕದಲ್ಲಿ ಮೇಲೊಂದು, ಕೆಳಗೊಂದು ದುಂಡನೆಯ ಗಾಳಿತೂತು. ಪರೀಕ್ಷೆಯ ದಿನ ಇದ್ದ ಹಾಗೆಯೇ ಇವೆ ಎನಿಸಿತು ಭವ್ಯಳಿಗೆ. ಮುಚ್ಚಳ ಮಾತ್ರ ದೂರದ ಲಂಟಾನ ಪೊದೆಯಲ್ಲಿ ಸಿಕ್ಕಿಕೊಂಡಿತ್ತು. ಒಳಗಿನ ಫೋಟೊ ತೆಗೆಯಲು ಬಗ್ಗಿದಾಗ ಅವಳ ಬಿಳಿ ದುಪಟ್ಟಾ ತೂತಿನ ಕೆಳಗೆ ಇಳಿದಿದ್ದ ಕಪ್ಪು ಗೆರೆಗೆ ತಗುಲಿತು.

"ಮಸಿ ಕಣಮ್ಮಿ, ಸೋಪಾಕಿ ಉಜ್ಜು, ಓಯ್ತದೆ," ಎಂದಳು ಮಲ್ಲಿಗಮ್ಮ.

ಸೋಪು ಹಾಕಿ ಉಜ್ಜಿದಷ್ಟೂ ಕಲೆ ಹರಡಿತು; ಬೆರಳಿಗೂ ಅಂಟಿತು. ಭವ್ಯ ಗೊಣಗುತ್ತ ಬಂದು ತೋರಿಸಿದಳು. ಶಿವಲಕ್ಷ್ಮಿ ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮಲ್ಲಿಗಮ್ಮನನ್ನು ಕೇಳಿದರು: "ಬೆಂಕಿಗೆ ಮುಂಚೆ ಮಳೆ ಬಂದಿತ್ತಾ?"

"ಹಿಂದಿನ ದಿನ ಬಂತು. ಪೆಟ್ಗೆ ಒಳಿಕ್ಕೆ ನಾಕು ಹನಿ ಬಿದ್ದಿತ್ತು. ಒರೆಸ್ಕೊಂಡು, ಇಲ್ಲಿದ್ದೋರ ಮುಂದೆಲ್ಲ ಗೊಣಗ್ದೆ."

"ಎಲ್ಲರೂ ಹುಣಸೆ ಮರದ ಕೆಳಗೆ ಬನ್ನಿ," ಎಂದರು ಶಿವಲಕ್ಷ್ಮಿ.

ನೆರಳಿನಲ್ಲಿ ಎಲ್ಲರೂ ಕೂತರು. ರಾಜಣ್ಣ ಮಾತ್ರ ನಿಂತೇ ಇದ್ದ.

"ಮೊದಲು ವೈರಿನ ಮಾತು. ಶಾರ್ಟ್ ಆಗಿದ್ದರೆ ತಂತಿಯ ತುದಿಯಲ್ಲಿ ತಾಮ್ರ ಕರಗಿ ಮಣಿಗಟ್ಟಿರಬೇಕಿತ್ತು. ಎಲ್ಲೂ ಇಲ್ಲ. ಫ್ಯೂಸು ಗಟ್ಟಿಯಾಗಿದೆ. ಬ್ಯಾಟರಿಯನ್ನು ಬಿಗಿದ ಪಟ್ಟಿ ಅಲುಗಿಲ್ಲ. ರಾಜಣ್ಣ, ನಿನ್ನ ಕೆಲಸ ನಾನು ಅವತ್ತು ಮೆಚ್ಚಿದ ಹಾಗೇ ಇದೆ."

ರಾಜಣ್ಣ ಮುಖ ಆಚೆ ತಿರುಗಿಸಿಕೊಂಡ.

"ಹೊರಗಿನಿಂದ ಯಾರಾದರೂ ಬೆಂಕಿ ಇಟ್ಟರೇ? ಪೆಟ್ಟಿಗೆಯ ಕೆಳಗಿನ ಹಲಗೆ ಹಸನಾಗಿದೆ. ಸುಟ್ಟಿರುವುದು ಮೇಲಿನ ಸೀಟು. ಮುಚ್ಚಳ ಪೊದೆಗೆ ಹಾರಿದೆ. ಬೆಂಕಿ ಹುಟ್ಟಿದ್ದು ಒಳಗೇ."

"ಸದ್ಯ, ನನ್ನ ಬುಟ್ರು," ಎಂದ ಮಹದೇವಪ್ರಸಾದ್.

"ಗಾಳಿತೂತು ತೆರೆದಿದ್ದರೆ ಮುಚ್ಚಳ ಅಷ್ಟು ದೂರ ಹಾರುವುದಿಲ್ಲ. ಕುಕ್ಕರಿನ ವಿಷಲ್ಲಿಗೆ ಏನೋ ಸಿಕ್ಕಿಕೊಂಡರೆ ಏನಾಗುತ್ತದೆ ಹೇಳಿ. ಒಳಗಿನ ಬಿಸಿ ಹೊರಗೆ ಹೋಗಲಿ, ಒಂದು ಸೆಲ್ ಊದಿಕೊಂಡರೂ ಅದರ ಅನಿಲ ಹೊರಗೆ ಹೋಗಲಿ ಅಂತಲೇ ರಾಜಣ್ಣ ಆ ತೂತು ಬಿಟ್ಟದ್ದು. ನಿನ್ನೆ ಅವು ಮುಚ್ಚಿದ್ದವು."

"ಈಗ ತೆರೆದಿವೆಯಲ್ಲ ಮೇಡಂ?" ಎಂದಳು ಭವ್ಯ.

"ಮುಚ್ಚಿದ್ದ ವಸ್ತು ಬೆಂಕಿಗೆ ಕರಗಿ ಕೆಳಗಿಳಿಯಿತು. ಅದನ್ನು ನೀನೇ ದುಪಟ್ಟಾದಲ್ಲಿ ಹೊತ್ತುಕೊಂಡು ಬಂದೆ. ಮಸಿಯಾಗಿದ್ದರೆ ಸೋಪಿಗೆ ಹೋಗುತ್ತಿತ್ತು."

ಟಾರಿನ ವಾಸನೆ ಆಗಷ್ಟೇ ಮೂಗಿಗೆ ಬಡಿದಂತೆ ಎಲ್ಲರೂ ಬೋರಲು ತೆಪ್ಪದ ಕಡೆ ನೋಡಿದರು. ಶಿವಲಕ್ಷ್ಮಿ ಯಾರನ್ನೂ ಬೆರಳು ಮಾಡಿ ತೋರಿಸಲಿಲ್ಲ. ಮೆಲ್ಲಗೆ ಕೇಳಿದರು: "ಅಜ್ಜ, ಬೆಳ್ಳಕ್ಕಿ ಸೋರುತ್ತಿತ್ತಂತೆ, ನಿಜವಾ?"

"ಯಾವೋನು ಅಂದೋನು?" ಚಿಕ್ಕಬಸವಯ್ಯ ದಡಕ್ಕನೆ ಎದ್ದ. "ನನ್ನ ಕೈಯಿಂದ ಇಳಿದ ದೋಣಿ ಒಂದಾದ್ರೂ ನೀರು ಕುಡಿದದಾ? ಮಳೆಹನಿ ಬಿತ್ತು ಅಂದ ತಕ್ಷಣ ತೂತೆಲ್ಲ ಮುಚ್ಚಿ..."

ಮಾತು ಅಲ್ಲೇ ಮುರಿಯಿತು. ಅಜ್ಜ ಅವರಿವರ ಮುಖ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತ.

"ಊ ಕನಾ. ನಾನೇ ಮುಚ್ಚಿದ್ದು. ತೂತು ಕಂಡ್ರೆ ಸುಮ್ಕೆ ಓಗೋ ಕೈಯಲ್ಲ ಇದು. ನಮ್ಮಪ್ಪ ಕಲಿಸಿದ್ದೇ ಅದು."

"ಮತ್ಯಾಕಜ್ಜ ಯೋಳ್ನಿಲ್ಲ?" ರಾಜಣ್ಣ ಅವನ ಎದುರಿಗೆ ಬಂದ. "ಎಲ್ರೂ ನನ್ನ ಬಯ್ಯಾಗ ಇಲ್ಲೇ ಇದ್ಯಲ್ಲ."

"ಸೋರೋ ದೋಣಿ ಕಟ್ದ ಅನ್ನಿಸ್ಕಬಾರ್ದು ಅಂತ ಮುಚ್ಚಿದೆ. ಸುಟ್ಟೋಗೋ ದೋಣಿ ಮಾಡ್ಬುಟ್ಟೆ ಅನ್ನಕ್ಕೆ ಬಾಯಿ ಬರ್ನಿಲ್ಲ ಕಣ್ಲಾ. ತಪ್ಪಾಯ್ತು. ನಿನ್ನ ಕೆಲ್ಸದಲ್ಲಿ ಕುಂದಿಲ್ಲ. ಇದ ನಾನೇ ಚಂದಕವಾಡಿ ಸಂತೇಲಿ ನಿಂತ್ಕಂಡು ಯೋಳ್ತೀನಿ."

ಶಿವಲಕ್ಷ್ಮಿ ಬ್ಯಾಗು ಎತ್ತಿಕೊಂಡರು. "ಜೋಡಣೆ ಸರಿಯಿತ್ತು, ತೂತು ಮುಚ್ಚಿದ್ದು ಮಾಲೀಕರಿಗೆ ಗೊತ್ತಿರಲಿಲ್ಲ, ಮುಚ್ಚಿದವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಇದು ಆಕಸ್ಮಿಕ ಅಂತ ಬರೀತೀನಿ."

ವಿಮೆ ಮಂಜೂರಾಗಿ, ಬೆಳ್ಳಕ್ಕಿ ಮತ್ತೆ ನೀರಿಗಿಳಿಯುವ ಮುನ್ನ ಶಿವಲಕ್ಷ್ಮಿ, ಭವ್ಯ ಇಬ್ಬರೂ ಪರೀಕ್ಷೆಗೆ ಹೋದರು. ಗಾಳಿತೂತುಗಳ ಮೇಲೆ ಈಗ ಹೊನ್ನೆ ಮರದ ಪುಟ್ಟ ಸೂರುಗಳಿದ್ದವು. ಗಾಳಿ ಆಡುತ್ತಿತ್ತು, ಹನಿ ಬೀಳುತ್ತಿರಲಿಲ್ಲ. ಅಳತೆ ರಾಜಣ್ಣನದು, ಕೆತ್ತನೆ ಅಜ್ಜನದು. ಶಿವಲಕ್ಷ್ಮಿ ಬೆರಳಿಟ್ಟು ನೋಡಿ ತಲೆದೂಗಿದರು. ಅವರು ಅಷ್ಟು ಸಂತೋಷದಿಂದ ತಲೆದೂಗಿದ್ದನ್ನು ಭವ್ಯ ಹಿಂದೆ ಕಂಡಿರಲಿಲ್ಲ.

ಮಹದೇವಪ್ರಸಾದ್ ತನ್ನ ದೋಣಿಯಿಂದಿಳಿದು ಬಂದು ಸುತ್ತಲೂ ನೋಡಿದ. "ನಂದಕ್ಕೂ ಒಂದು ಬ್ಯಾಟರಿ ಕೂರ್ಸ್ಲಾ ರಾಜಣ್ಣ," ಎಂದ, ಯಾರಿಗೂ ಕೇಳಿಸಬಾರದೆನ್ನುವ ದನಿಯಲ್ಲಿ.

ರಾಜಣ್ಣ ಜಂಬದಿಂದ ಸೂರಿನ ಕೆಳಗೆ ಕೈ ಇಟ್ಟು ತೋರಿಸಹೊರಟ.

"ಏಯ್, ತೆಗಿಲಾ ಕೈಯ!" ಚಿಕ್ಕಬಸವಯ್ಯ ಬ್ರಷ್ಷು ಎತ್ತಿ ಗದರಿದ. "ತೂತ ಮುಚ್ಬುಟ್ಟೀಯೆ!"